ಕೆತ್ತನೆ ಸೋಫಾದ ಕಿರ್ರ್ ಸದ್ದು ನಿಂತಿದ್ದು ಹೀಗೆ

ನಮ್ಮ ಸೋಫಾದ ಚೌಕಟ್ಟು ಕೈಕೆತ್ತನೆಯ ತೇಗದ್ದು. ಮೇಲಿನ ದಿಂಬಿಗೆ ಮಾತ್ರ ಈಗಿನ ಕಾಲದ ಸಾದಾ ಬೂದು ಬಟ್ಟೆ. ಈ ಜೋಡಿ ನನಗೆ ತುಂಬಾ ಇಷ್ಟ. ಆದರೆ ಕೂತಾಗಲೆಲ್ಲ ಬಲಗಡೆ ಕಿರ್ರ್ ಎನ್ನುತ್ತಿತ್ತು.

ದಿಂಬು ತೆಗೆದು ಅಲ್ಲಾಡಿಸಿ ನೋಡಿದೆ. ಮುಂಗಾಲಿಗೆ ಅಡ್ಡಪಟ್ಟಿ ಸೇರುವ ಕಡೆ ಕೂದಲೆಳೆಯಷ್ಟು ಸಂದು. ಮರ ತೇವಕ್ಕೆ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ, ಅಲ್ವಾ? ಆ ಎಳೆದಾಟದಲ್ಲಿ ಅಂಟು ಬಿಟ್ಟುಕೊಂಡಿತ್ತು.

ಇಂಥ ಕಡೆ ಮೊಳೆ ಹೊಡೆಯಲೇಬೇಡಿ, ಕೆತ್ತನೆ ಸೀಳಬಹುದು. ಸುಮ್ನೆ ಮೇಲಿಂದ ಅಂಟು ಸುರಿದರೂ ಪ್ರಯೋಜನವಿಲ್ಲ. ಒಣಗಿದ ಹಳೆ ಅಂಟಿನ ಮೇಲೆ ಹೊಸದು ಸರಿಯಾಗಿ ಹಿಡಿಯುವುದಿಲ್ಲ. ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಜೋಡಣೆ ಬಿಡಿಸಿದೆ. ತೂತಿನೊಳಗೆ ಕೂರುವ ಪಟ್ಟಿಯ ತುದಿಯಲ್ಲಿ ಹಳದಿ ಪದರ ಗಟ್ಟಿಯಾಗಿ ಕೂತಿತ್ತು. ಬರೀ ಮರ ಕಾಣುವವರೆಗೆ ಅದನ್ನು ಉಳಿಯಿಂದ ಕೆರೆದೆ. ತೂತನ್ನೂ ಹಾಗೆಯೇ ಚೊಕ್ಕ ಮಾಡಿದೆ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ, ಅದಕ್ಕೇ ಅಸಿಟೋನ್ (ಎಣ್ಣೆ ಕರಗಿಸುವ ದ್ರವ) ಅದ್ದಿದ ಬಟ್ಟೆಯಿಂದ ಒರೆಸಿ ಆಮೇಲೆ ಅಂಟು ಹಚ್ಚಿದೆ. ಕ್ಲ್ಯಾಂಪ್ ಕೆಳಗೆ ದಪ್ಪ ಬಟ್ಟೆ ಇಟ್ಟು ಬಿಗಿದು 24 ಗಂಟೆ ಬಿಟ್ಟೆ. ಹೊರಬಂದ ಅಂಟನ್ನು ಒದ್ದೆ ಬಟ್ಟೆಯಿಂದ ತಕ್ಷಣ ಒರೆಸಿ. ಇಲ್ಲದಿದ್ದರೆ ಆ ಜಾಗ ಪಾಲಿಶ್ ಹೀರುವುದಿಲ್ಲ, ಕಲೆ ಉಳಿಯುತ್ತದೆ.

ಈಗ ಇಬ್ಬರು ಒಟ್ಟಿಗೆ ಕೂತರೂ ಸದ್ದಿಲ್ಲ.