ಗ್ರಹಣದ ಮಚ್ಚೆ ಮತ್ತು ಒಂದು ರೂಪಾಯಿ ನಾಣ್ಯ

ಮಗಳಿಗೆ ಮೊದಲ ಸಲ ಎಣ್ಣೆ ನೀರು ಹಾಕುವ ದಿನ. ಅಜ್ಜಿ ಮಣೆ ಮೇಲೆ ಕಾಲು ಚಾಚಿ ಕೂತು ಮಗುವನ್ನು ಬೋರಲು ಮಲಗಿಸಿಕೊಂಡರು. ಅವರ ಕೈ ಅಲ್ಲೇ ನಿಂತಿತು. ಸೊಂಟದಿಂದ ಕುಂಡೆಯವರೆಗೆ ನೀಲಿ. ಬಿದ್ದು ಕಂದಿದ ಹಾಗೆ, ಅಂಗೈ ಅಗಲ.

"ಗ್ರಹಣದ ದಿನ ಹೊರಗೆ ಬಂದಿದ್ದೆ ತಾನೆ?" ಅಂದರು.

ಬಂದಿದ್ದೆ, ಸುಳ್ಳು ಹೇಳಲ್ಲ. 2022ರ ಅಕ್ಟೋಬರ್ 25, ದೀಪಾವಳಿ ಅಮಾವಾಸ್ಯೆಗೆ ಸೂರ್ಯಗ್ರಹಣ. ನನಗೆ ಐದು ತಿಂಗಳು. ಸಂಜೆ ಒಣಗಿದ ಬಟ್ಟೆ ತರೋಕೆ ತಾರಸಿಗೆ ಹೋಗಿದ್ದೆ. ಅಷ್ಟೇ ಸಾಕಾಯಿತು. ಬಾಣಂತನಕ್ಕೆ ನೋಡಲು ಬಂದವರಿಗೆಲ್ಲ ಆ ಬಟ್ಟೆಯ ಕತೆ ಗೊತ್ತಾಯಿತು.

ಒಂದೂವರೆ ತಿಂಗಳಿಗೆ ಲಸಿಕೆ ಹಾಕಿಸಲು ಹೋದಾಗ ಡಾಕ್ಟರ್ ಒಂದು ಸಲ ನೋಡಿದರು. "ಮಂಗೋಲಿಯನ್ ಸ್ಪಾಟ್. ನಮ್ಮ ಕಡೆ ಮಕ್ಕಳಲ್ಲಿ ಸಾಮಾನ್ಯ" ಅಂದರು. ಗರ್ಭದಲ್ಲಿ ಚರ್ಮಕ್ಕೆ ಬಣ್ಣ ಕೊಡುವ ಕೋಶಗಳು ಒಳಗಿನಿಂದ ಮೇಲಕ್ಕೆ ಬರುತ್ತವಂತೆ. ಕೆಲವು ಅರ್ಧ ದಾರಿಯಲ್ಲೇ, ಚರ್ಮದ ಆಳದಲ್ಲಿ ಉಳಿದುಬಿಡುತ್ತವೆ. ಅವುಗಳ ಬಣ್ಣ ಕಂದೇ. ಆಳದಲ್ಲಿರುವುದರಿಂದ ನಮಗೆ ನೀಲಿಯಾಗಿ ಕಾಣುತ್ತದೆ. ಹೆಚ್ಚಿನ ಮಕ್ಕಳಲ್ಲಿ ಶಾಲೆಗೆ ಸೇರುವ ಹೊತ್ತಿಗೆ ಮಾಸಿಹೋಗುತ್ತದೆ. ಲಸಿಕೆ ಸಾಲಿನಲ್ಲಿ ಪಕ್ಕದಲ್ಲಿ ಕೂತಿದ್ದ ತಾಯಂದಿರನ್ನು ಕೇಳಿದೆ. ಮೂವರು ತಮ್ಮ ಮಕ್ಕಳ ಲಂಗೋಟಿ ಸರಿಸಿ ತೋರಿಸಿದರು. ಗ್ರಹಣಕ್ಕೆ ಬಾಗಿಲು ಹಾಕಿಕೊಂಡು ಕೂತವರೂ ಅವರಲ್ಲಿ ಇದ್ದರು!

ಅಮೆರಿಕದಲ್ಲಿರುವ ನನ್ನ ಚಿಕ್ಕಮ್ಮನ ಮಗಳು ಒಂದು ಮಾತು ಸೇರಿಸಿದಳು. ಅಲ್ಲಿ ಈ ನೀಲಿಯನ್ನು ಹೊಡೆದ ಗಾಯ ಅಂತ ತಿಳಿದುಕೊಳ್ಳುವುದುಂಟು. ಅದಕ್ಕೆ ಅವಳು ಮಗುವನ್ನು ಡೇಕೇರಿಗೆ ಬಿಡುವ ಮುಂಚೆಯೇ ಡಾಕ್ಟರ್ ಹತ್ತಿರ ಮಚ್ಚೆಯ ಜಾಗ, ಅಳತೆ ಎಲ್ಲ ಬರೆಸಿಟ್ಟಿದ್ದಳು. ಗಾಯವಾದರೆ ನಾಲ್ಕು ದಿನದಲ್ಲಿ ಹಸಿರು, ಹಳದಿ ತಿರುಗುತ್ತದೆ, ಮುಟ್ಟಿದರೆ ಮಗು ಅಳುತ್ತದೆ. ಈ ಮಚ್ಚೆಗೆ ಎರಡೂ ಇಲ್ಲ.

ನಾವೆಲ್ಲ ಹಿಂದಿನ ನೀಲಿ ನೋಡುತ್ತಾ ಕೂತಿದ್ದಾಗ ಮುಂದೆ ಇನ್ನೊಂದು ಬೆಳೆಯುತ್ತಿತ್ತು. ಮೂರನೇ ವಾರದಲ್ಲಿ ಎಡಗಣ್ಣಿನ ರೆಪ್ಪೆಯ ಮೇಲೆ ಒಂದು ಕೆಂಪು ಚುಕ್ಕಿ ಬಂದಿತ್ತು. ಸೊಳ್ಳೆ ಕಚ್ಚಿದೆ ಅಂದುಕೊಂಡೆವು. ಅಜ್ಜಿಗಂತೂ ಅದು ಲಕ್ಷಣವಾಗಿ ಕಂಡಿತು. "ದೇವರೇ ದೃಷ್ಟಿಬೊಟ್ಟು ಇಟ್ಟಿದ್ದಾನೆ" ಅಂದರು.

ನನಗೆ ಸಮಾಧಾನ ಇರಲಿಲ್ಲ. ದಿನಾ ನೋಡುವ ಕಣ್ಣಿಗೆ ಬೆಳೆದಿದ್ದು ತಿಳಿಯುವುದಿಲ್ಲ, ಅಲ್ವಾ? ಅದಕ್ಕೆ ಫೋಟೋ ತೆಗೆಯಲು ಶುರು ಮಾಡಿದೆ. ಪ್ರತಿ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಅದೇ ಕಿಟಕಿ ಪಕ್ಕ, ಮಗು ಹಾಲು ಕುಡಿದು ಮಲಗಿದಾಗ. ಫ್ಲ್ಯಾಶ್ ಹಾಕುತ್ತಿರಲಿಲ್ಲ. ಅತ್ತಾಗ ತೆಗೆದರೆ ಲೆಕ್ಕ ತಪ್ಪುತ್ತದೆ, ರಕ್ತದ ಮಚ್ಚೆ ಅಳುವಾಗ ಜಾಸ್ತಿ ಕೆಂಪಾಗುತ್ತದೆ. ಅಳತೆಗೆ ಮಚ್ಚೆಯ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಹಿಡಿಯುತ್ತಿದ್ದೆ. ಪ್ರತಿ ಸಲವೂ ಅದೇ ನಾಣ್ಯ, ಯಾಕೆಂದರೆ ಹಳೇ ರೂಪಾಯಿ, ಹೊಸ ರೂಪಾಯಿ ಒಂದೇ ಅಳತೆಯಲ್ಲ. ಫೋಟೋ ಆದ ತಕ್ಷಣ ನಾಣ್ಯ ಡಬ್ಬಿಗೆ. ಎಳೆ ಕೂಸಿನ ಹತ್ತಿರ ಬಿಡುವ ವಸ್ತುವಲ್ಲ ಅದು.

ಮೊದಲ ಭಾನುವಾರ ಸಾಸಿವೆ ಕಾಳಿನಷ್ಟು. ಮೂರನೆಯದಕ್ಕೆ ಉಬ್ಬಿತ್ತು, ಬಟಾಣಿಯಷ್ಟು. ಐದನೆಯದಕ್ಕೆ ನಾಣ್ಯದ ಅರ್ಧ ಮುಚ್ಚುವಷ್ಟು. ರೆಪ್ಪೆ ಭಾರವಾಗಿ ಎಡಗಣ್ಣು ಪೂರ್ತಿ ತೆರೆಯುತ್ತಿರಲಿಲ್ಲ.

ಮೊದಲು ತೋರಿಸಿದ ಕಡೆ "ತಾನೇ ಹೋಗುತ್ತೆ, ಕಾಯಿರಿ" ಅಂದರು. ಅದು ಪೂರ್ತಿ ಸುಳ್ಳಲ್ಲ. ಇದರ ಹೆಸರು ಹೆಮಾಂಜಿಯೋಮಾ. ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ಮೊದಲ ಮೂರು ತಿಂಗಳು ಜೋರಾಗಿ ಬೆಳೆಯುತ್ತದೆ, ಸುಮಾರು ವರ್ಷದಿಂದ ಕುಗ್ಗುತ್ತಾ ಬರುತ್ತದೆ. ಬೆನ್ನ ಮೇಲೋ ತೋಳ ಮೇಲೋ ಇದ್ದಿದ್ದರೆ ನಾನೂ ಕಾಯುತ್ತಿದ್ದೆ. ಆದರೆ ರೆಪ್ಪೆ ಕಾಯಲು ಬಿಡುವ ಜಾಗವಲ್ಲ. ಎಳೆ ವಯಸ್ಸಿನಲ್ಲಿ ಕಣ್ಣಿಗೆ ನೋಟ ತಪ್ಪಿದರೆ ಮೆದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಆಮೇಲೆ ಮಚ್ಚೆ ಹೋದರೂ ದೃಷ್ಟಿ ಮಂದವಾಗಿಯೇ ಉಳಿಯಬಹುದು.

ಇನ್ನೊಬ್ಬ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅವರ ಮೊದಲ ಪ್ರಶ್ನೆಯೇ, "ಹುಟ್ಟಿದಾಗಲೇ ಇತ್ತಾ, ಆಮೇಲೆ ಬಂತಾ?" ಉತ್ತರ ಹೇಳದೆ ಫೋನ್ ಕೊಟ್ಟೆ. ಆರು ಭಾನುವಾರದ ಫೋಟೋಗಳನ್ನು ಬೆರಳಲ್ಲಿ ಸರಿಸುತ್ತಾ ಹೋದರು. ಹುಟ್ಟಿದಾಗಲೇ ಇದ್ದು, ಚಪ್ಪಟೆಯಾಗಿ, ಮುಖದ ಒಂದೇ ಬದಿಗೆ ದ್ರಾಕ್ಷಿ ರಸ ಚೆಲ್ಲಿದ ಹಾಗಿದ್ದರೆ ಅದು ಬೇರೆ ಜಾತಿಯಂತೆ. ಪೋರ್ಟ್ ವೈನ್ ಮಚ್ಚೆ. ಅದು ಮಾಸುವುದಿಲ್ಲ, ಹಣೆ ಮತ್ತು ರೆಪ್ಪೆಯ ಮೇಲಿದ್ದರೆ ಮೆದುಳು, ಕಣ್ಣು ಎರಡನ್ನೂ ಪರೀಕ್ಷಿಸಬೇಕು. ಆಮೇಲೆ ಮಗಳ ಬಟ್ಟೆ ಬಿಚ್ಚಿಸಿ ಮೈಯೆಲ್ಲ ಹುಡುಕಿದರು. ಇಂಥ ಕೆಂಪು ಗಂಟು ಐದೋ ಹೆಚ್ಚೋ ಇದ್ದರೆ ಯಕೃತ್ತಿನ ಸ್ಕ್ಯಾನ್ ಮಾಡಿಸುತ್ತಾರಂತೆ, ಅಲ್ಲಿ ಒಳಗೂ ಇರಬಹುದು ಅಂತ. ನಮ್ಮದು ಒಂದೇ.

ಔಷಧಿ ಹೆಸರು ಕೇಳಿ ನಮ್ಮಪ್ಪ ಬೆಚ್ಚಿದರು. ಪ್ರೊಪ್ರಾನೊಲಾಲ್. ಅವರು ಬಿಪಿಗೆ ನುಂಗಿದ್ದ ಮಾತ್ರೆ! ಕೂಸಿಗೆ ಅದನ್ನಾ? ಡಾಕ್ಟರ್ ನಕ್ಕು ಕತೆ ಹೇಳಿದರು. ಫ್ರಾನ್ಸಿನ ಬೋರ್ಡೊದಲ್ಲಿ ಹೃದಯದ ತೊಂದರೆಗೆ ಈ ಔಷಧಿ ಕೊಟ್ಟ ಮಗುವೊಂದರ ಹೆಮಾಂಜಿಯೋಮಾ ಮೆತ್ತಗಾಗಿ ಬಣ್ಣ ಇಳಿಯಿತು. ಅಲ್ಲಿನ ಡಾಕ್ಟರ್ ಕ್ರಿಸ್ಟೀನ್ ಲೆಯೊತೆ-ಲಾಬ್ರೆಜ್ ಮತ್ತು ಅವರ ಜೊತೆಯವರು 2008ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಅಲ್ಲಿಂದ ಚಿಕಿತ್ಸೆಯ ದಾರಿಯೇ ಬದಲಾಯಿತು.

ಹೃದಯದ ಬಡಿತ, ಇಸಿಜಿ ನೋಡಿ ಶುರು ಮಾಡಿದರು. ಮನೆಯಲ್ಲಿ ನನ್ನ ಪಾಲಿನ ಕೆಲಸ ಒಂದೇ, ಆದರೆ ಅದರಲ್ಲಿ ತಪ್ಪುವಂತಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿದ ಮೇಲೇ ಔಷಧಿ. ಈ ಔಷಧಿಯಿಂದ ಮಗುವಿನ ರಕ್ತದಲ್ಲಿ ಸಕ್ಕರೆ ಇಳಿಯಬಹುದು. ವಾಂತಿ, ಜ್ವರ, ಹಾಲು ಬೇಡ ಅಂತ ಮುಖ ತಿರುಗಿಸಿದ ದಿನ ಆ ಹೊತ್ತಿನ ಡೋಸ್ ನಿಲ್ಲಿಸಿ ಫೋನ್ ಮಾಡಬೇಕಿತ್ತು. ಎರಡು ಸಲ ಹಾಗೆ ಮಾಡಿದೆ. ರಾತ್ರಿ ಅಲಾರಂ ಇಟ್ಟು ಎಬ್ಬಿಸಿ ಹಾಲು ಕೊಡುತ್ತಿದ್ದೆ, ಮಲಗಿದ ಮಗುವನ್ನು ಏಳಿಸಬೇಡ ಅಂತ ಅಜ್ಜಿ ಗೊಣಗುತ್ತಿದ್ದರು.

ಮರುವಾರದ ಫೋಟೋದಲ್ಲೇ ಬಣ್ಣ ಇಳಿದಿತ್ತು. ಕುಂಕುಮದ ಕೆಂಪು ಹೋಗಿ ನೇರಳೆ, ಆಮೇಲೆ ಬೂದು. ತಿಂಗಳೊಳಗೆ ಕಣ್ಣು ಪೂರ್ತಿ ತೆರೆಯಿತು. ವರ್ಷ ತುಂಬುವವರೆಗೆ ಔಷಧಿ ನಡೆಯಿತು, ಆಮೇಲೆ ನಿಧಾನವಾಗಿ ಕಡಿಮೆ ಮಾಡಿ ನಿಲ್ಲಿಸಿದರು. ಈಗ ಆ ರೆಪ್ಪೆಯ ಚರ್ಮ ಸ್ವಲ್ಪ ಸಡಿಲ, ಗೊತ್ತಿದ್ದವರಿಗೆ ಮಾತ್ರ ಕಾಣುತ್ತದೆ. ಬೆನ್ನ ನೀಲಿಯನ್ನು ಹುಡುಕಬೇಕು.

ಹೋದ ತಿಂಗಳು ತಂಗಿಗೆ ಹೆರಿಗೆಯಾಯಿತು. ಕೂಸಿನ ಕತ್ತಿನ ಹಿಂದೆ, ಕೂದಲಿನ ಅಂಚಿಗೆ, ತಿಳಿ ಕೆಂಪು ಮಚ್ಚೆ. ಅಜ್ಜಿ ಈ ಸಲ ಗ್ರಹಣದ ಮಾತೆತ್ತಲಿಲ್ಲ. ನನ್ನನ್ನು ಕರೆದು, "ಆ ನಾಣ್ಯ ಎಲ್ಲಿಟ್ಟಿದ್ದೀಯೇ?" ಅಂದರು. ನೋಡಿದೆ. ಚಪ್ಪಟೆ, ಹುಟ್ಟಿದಾಗಿನಿಂದ ಇದೆ, ಬೆರಳಲ್ಲಿ ಒತ್ತಿದರೆ ಬಿಳಿಚುತ್ತದೆ. ಡಾಕ್ಟರೂ ನೋಡಿ, ಎಷ್ಟೋ ಮಕ್ಕಳಿಗೆ ಇರುತ್ತೆ, ಕೂದಲಡಿ ಹಾಗೇ ಉಳಿದರೂ ತೊಂದರೆಯಿಲ್ಲ ಅಂದಿದ್ದರು.

"ಇದಕ್ಕೆ ನಾಣ್ಯ ಬೇಡ ಅಜ್ಜಿ" ಅಂದೆ.

ಆದರೂ ಭಾನುವಾರ ಹತ್ತು ಗಂಟೆಗೆ ಸರಿಯಾಗಿ ಕೂಸನ್ನು ಕಿಟಕಿ ಪಕ್ಕಕ್ಕೆ ತಂದು ಮಲಗಿಸಿದ್ದರು.