ಎಂಬತ್ತೊಂದಕ್ಕೆ ಮನೆ ವೋಟು, ಎಂಬತ್ತೆರಡಕ್ಕೆ ಇಲ್ಲ

"ಅಕ್ಕೋರ, ಹೋದ ವರ್ಷ ನನಗ ಎಂಬತ್ತೊಂದು ಇತ್ತು. ಈಗ ಎಂಬತ್ತೆರಡು. ಅವಾಗ ಮುದುಕಿ ಇದ್ದೆ, ಈಗೇನ ಹುಡುಗಿ ಆಗೇನೇನು?"

2024ರ ಮಾರ್ಚಿನಲ್ಲಿ ಗದಗ ಪಕ್ಕದ ಬೆಟಗೇರಿಯ ನೇಕಾರರ ಓಣಿಯಲ್ಲಿ ಒಬ್ಬ ಆಯಿ ನನ್ನನ್ನು ಕೇಳಿದ ಪ್ರಶ್ನೆ ಇದು. ಅವರ ಸೊಸೆ ನಕ್ಕಳು, ನಾನೂ ನಕ್ಕೆ. ಆಯಿ ಮಾತ್ರ ನಗಲಿಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ಅವರ ಮನೆಗೇ ಬ್ಯಾಲೆಟ್ ಪೇಪರ್ ಹೋಗಿತ್ತು. ಅದಾಗಿ ವರ್ಷ ತುಂಬುವ ಮೊದಲೇ ಲೋಕಸಭೆ ಚುನಾವಣೆ ಬಂತು, ನಾನು ಅದೇ ಕಟ್ಟೆಯ ಮೇಲೆ ಕೂತು "ಈ ಸಲ ನಿಮಗ ಬರಂಗಿಲ್ಲ ಆಯಿ" ಅಂತ ಹೇಳಬೇಕಾಯಿತು.

ನಾನು ಸರಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಈಗ ರಿಟೈರ್ ಆಗಿದ್ದೇನೆ. ಶಾಲೆ ಜೊತೆಗೆ ಒಂದು ಭಾಗದ ಬಿಎಲ್‌ಒ ಕೆಲಸವೂ ವರ್ಷಗಟ್ಟಲೆ ನನ್ನ ಹೆಗಲ ಮೇಲಿತ್ತು. ಮತದಾರರ ಪಟ್ಟಿ ಹಿಡಿದು ಮನೆಮನೆಗೆ ಬರ್ತಾರಲ್ಲ, ಆ ಬೂತ್ ಮಟ್ಟದ ಅಧಿಕಾರಿ ನಾನೇ. ಚುನಾವಣೆ ಕಾನೂನು ಅಂದ್ರೆ ದಿಲ್ಲಿಯಲ್ಲಿ ಕೂತು ಬರೆಯೋದು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಖರೆ. ಆದರೆ ಅದರ ಒಂದೊಂದು ಸಾಲೂ ಕೊನೆಗೆ ಯಾರದೋ ಪಡಸಾಲೆಯಲ್ಲಿ ಬಂದು ಕೂರುತ್ತದೆ, ನಮ್ಮಂಥವರು ಅದಕ್ಕೆ ಉತ್ತರ ಹೇಳಬೇಕಾಗುತ್ತದೆ.

ಮೊದಲು ಈ ಮನೆ ವೋಟಿನ ಕಥೆ ಹೇಳಿಬಿಡುತ್ತೇನೆ. ಮೊದಲೆಲ್ಲ ಅಂಚೆ ಮತ ಅಂದ್ರೆ ಸೈನ್ಯದವರಿಗೆ, ಚುನಾವಣೆ ಡ್ಯೂಟಿಯಲ್ಲಿರುವ ನಮ್ಮಂಥವರಿಗೆ. 2019ರ ಅಕ್ಟೋಬರಿನಲ್ಲಿ 1961ರ ಚುನಾವಣಾ ನಿಯಮಗಳಿಗೆ ತಿದ್ದುಪಡಿ ಮಾಡಿ, ಎಂಬತ್ತು ದಾಟಿದವರನ್ನೂ ಅಂಗವಿಕಲರನ್ನೂ ಅದರಲ್ಲಿ ಸೇರಿಸಿದರು. ಅಂಗವಿಕಲರಾದರೆ ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯದ ಸರ್ಟಿಫಿಕೇಟ್ ಬೇಕು. ಕರ್ನಾಟಕದ ವಿಧಾನಸಭೆ ಚುನಾವಣೆಗೆ ಇದು ಮೊದಲ ಸಲ ಬಂದಿದ್ದು 2023ರಲ್ಲಿ. ಆಮೇಲೆ 2024ರ ಮಾರ್ಚ್ 1ಕ್ಕೆ ಮತ್ತೊಂದು ತಿದ್ದುಪಡಿ, ಎಂಬತ್ತು ಹೋಗಿ ಎಂಬತ್ತೈದು ಆಯಿತು. ಎಂಬತ್ತು ದಾಟಿದವರೂ ಬಹಳಷ್ಟು ಜನ ಬೂತಿಗೇ ಬಂದು ಹಾಕ್ತಾರೆ ಅನ್ನೋದು ಕಾರಣ ಅಂತ ಪೇಪರಿನಲ್ಲಿ ಬಂದಿತ್ತು. ಆ ಮಾತು ಸುಳ್ಳಲ್ಲ, ನಮ್ಮ ಓಣಿಯಲ್ಲೂ ಹಾಗೇ ಇದೆ. ಒಬ್ಬ ಅಜ್ಜ ಮತದಾನದ ದಿನ ರುಮಾಲು ಸುತ್ತಿಕೊಂಡು ಬೆಳಿಗ್ಗೆ ಏಳಕ್ಕೇ ಮತಗಟ್ಟೆ ಮುಂದೆ ನಿಂತಿರುತ್ತಾರೆ, ಮನೆಗೆ ಬ್ಯಾಲೆಟ್ ತರ್ತೀನಿ ಅಂದ್ರೆ ಬೈದೇ ಬಿಡ್ತಾರೆ. ಆದರೆ ನನಗೆ ತಿಳಿಯದ್ದು ಇದು: ಮನೆ ವೋಟು ಕೇಳುವವರೇ ನಾಲ್ಕು ಜನ ಅಂದಮೇಲೆ ಆ ನಾಲ್ಕು ಜನರಿಗೆ ಕೊಟ್ಟರೆ ಯಾರ ಗಂಟು ಹೋಗುತ್ತದೆ?

2023ರಲ್ಲಿ ನಾನು ಹೇಗೆ ಮಾಡಿದೆ ಅಂತ ಹೇಳ್ತೀನಿ. ಮನೆ ವೋಟು ಬೇಕಾದವರು ಫಾರಂ 12ಡಿ ತುಂಬಿ ಕೊಡಬೇಕು. ಅದು ಚುನಾವಣೆ ಅಧಿಸೂಚನೆ ಬಂದ ಐದು ದಿನದೊಳಗೆ ಚುನಾವಣಾಧಿಕಾರಿಯ, ಅಂದ್ರೆ ಆರ್‌ಒ ಆಫೀಸಿಗೆ ಮುಟ್ಟಬೇಕು. ಆ ಸಲ ಅಧಿಸೂಚನೆ ಏಪ್ರಿಲ್ 13, ಗುರುವಾರ. ಮರುದಿನ ಅಂಬೇಡ್ಕರ್ ಜಯಂತಿ, ರಜೆ. ಮಧ್ಯದಲ್ಲಿ ಒಂದು ಭಾನುವಾರ ಬೇರೆ. ಫಾರಂ ಬಂಡಲ್ ಮೊದಲೇ ಬಂದಿದ್ದರೆ ಪರವಾಗಿರಲಿಲ್ಲ, ಆದರೆ ಅದು ನಮ್ಮ ಕೈಗೆ ಬಂದಿದ್ದೇ ತಡವಾಗಿ. ನಾನು ಝೆರಾಕ್ಸ್ ಅಂಗಡಿಗೆ ಹೋಗಿ ನನ್ನ ದುಡ್ಡಿನಲ್ಲೇ ಹೆಚ್ಚಿಗೆ ಕಾಪಿ ತೆಗೆಸಿಕೊಂಡೆ.

ನನ್ನ ಕೆಲಸ ಸುಸೂತ್ರ ಆಗಿದ್ದು ಆ ಐದು ದಿನದಿಂದಲ್ಲ, ಅದರ ಹಿಂದಿನ ಐದು ತಿಂಗಳಿಂದ. ನನ್ನ ಹತ್ತಿರ ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇತ್ತು. ಪಟ್ಟಿ ಪರಿಷ್ಕರಣೆಗೆ ಮನೆಮನೆಗೆ ಹೋದಾಗ, ಹಾಸಿಗೆ ಹಿಡಿದವರು ಯಾರು, ಕಣ್ಣು ಕಾಣದವರು ಯಾರು, ಮೆಟ್ಟಿಲು ಇಳಿಯಲಾಗದವರು ಯಾರು ಅಂತ ಕ್ರಮ ಸಂಖ್ಯೆ ಸಮೇತ ಅದರಲ್ಲಿ ಬರೆದುಕೊಳ್ಳುತ್ತಿದ್ದೆ. ಯಾರೂ ಹೇಳಿರಲಿಲ್ಲ, ಮರೆತುಹೋಗ್ತದೆ ಅಂತ ನಾನೇ ಬರೆದಿಟ್ಟಿದ್ದು. ಅದನ್ನು ನೋಡಿದಾಗ ಎರಡು ತೊಡಕು ಕಂಡವು. ಒಂದು, ಸರ್ಟಿಫಿಕೇಟ್. ಹುಟ್ಟಿನಿಂದ ಕಾಲಿಲ್ಲದವರ ಹತ್ತಿರವೂ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇಲ್ಲ. ಅರ್ಜಿ ಹಾಕಬೇಕು, ಜಿಲ್ಲಾ ಆಸ್ಪತ್ರೆಗೆ ತೋರಿಸಲು ಹೋಗಬೇಕು, ಆಮೇಲೆ ಕಾಯಬೇಕು. ಐದು ದಿನದಲ್ಲಿ ಆಗುವ ಮಾತೇ ಅಲ್ಲ. ನಮ್ಮ ಕಡೆಯ ಪುನರ್ವಸತಿ ಕಾರ್ಯಕರ್ತರೊಬ್ಬರನ್ನು ಹಿಡಿದು ಡಿಸೆಂಬರಿನಲ್ಲೇ ಅರ್ಜಿ ಹಾಕಿಸಲು ಶುರು ಮಾಡಿದ್ದಕ್ಕೆ ಕೆಲವರದ್ದು ಟೈಮಿಗೆ ಬಂತು.

ಎರಡನೆಯದು ವಯಸ್ಸು. ಪಟ್ಟಿಯಲ್ಲಿರುವ ವಯಸ್ಸನ್ನೇ ಹಿಡಿಯೋದು. ಹಳಬರಿಗೆ ಜನ್ಮ ದಾಖಲೆ ಎಲ್ಲಿಂದ ಬರಬೇಕು? ಯಾವಾಗಲೋ ಯಾರೋ ಅಂದಾಜಿನಲ್ಲಿ ಬರೆಸಿದ್ದು. ಆಧಾರಿನಲ್ಲಿ ನೋಡಿದರೆ ಅರ್ಧ ಓಣಿಯವರು ಜನವರಿ ಒಂದಕ್ಕೇ ಹುಟ್ಟಿದ್ದಾರೆ! ಒಬ್ಬ ಅಜ್ಜ ಸ್ವಾತಂತ್ರ್ಯ ಬಂದಾಗ ತಾನು ಮಗ್ಗದ ಮುಂದೆ ಕೂರುತ್ತಿದ್ದೆ ಅಂತಾರೆ, ಪಟ್ಟಿಯಲ್ಲಿ ಅವರಿಗೆ ಎಪ್ಪತ್ನಾಲ್ಕು. ಫಾರಂ 8 ಹಾಕಿ ತಿದ್ದೋಣ ಅಂದರೆ ದಾಖಲೆ ಕೇಳ್ತಾರೆ. ಇಂಥ ಮೂವರದ್ದು ನಾನು ಏನು ಮಾಡಿದರೂ ಆಗಲಿಲ್ಲ.

ಮತದಾನಕ್ಕೆ ಮೊದಲಿನ ವಾರ ತಂಡ ಬಂತು. ಇಬ್ಬರು ಅಧಿಕಾರಿಗಳು, ವಿಡಿಯೊ ತೆಗೆಯುವ ಹುಡುಗ, ಒಬ್ಬ ಪೊಲೀಸ್, ಜೊತೆಗೆ ದಾರಿ ತೋರಿಸಲು ನಾನು. ಆಯಿಯ ಮನೆಯಲ್ಲಿ ಮುಂದಿನ ಕೋಣೆ ತುಂಬ ಮಗ್ಗವೇ. ರಟ್ಟಿನ ಮರೆ ಇಡಲು ಜಾಗ ಇಲ್ಲ. ಕೊನೆಗೆ ನೂಲಿನ ಕಂಡಕಿ ಸುತ್ತುವ ರಾಟಿ ಪಕ್ಕಕ್ಕೆ ಸರಿಸಿ ಒಂದು ಸ್ಟೂಲ್ ಹಾಕಿ, ಅದರ ಮೇಲೆ ರಟ್ಟು ನಿಲ್ಲಿಸಿದೆವು. ಮೇ ತಿಂಗಳ ಬಿಸಿಲು, ಫ್ಯಾನ್ ಹಾಕಿದರೆ ರಟ್ಟು ಬೀಳ್ತದೆ, ಹಾಕದಿದ್ದರೆ ಆಯಿಗೆ ಬೆವರು. ಮಗ ಪಕ್ಕದಲ್ಲೇ ನಿಂತು "ಅವ್ವಾ, ನಮ್ಮ ಗುರ್ತು ನೋಡು, ಮ್ಯಾಲಿಂದ..." ಅಂತ ಶುರು ಮಾಡಿದ. "ನೀವು ಹೊರಗ ಕಟ್ಟಿ ಮ್ಯಾಲೆ ಕೂಡ್ರಿ" ಅಂತ ನಾನೇ ಕಳಿಸಿದೆ. ಅವನಿಗೆ ಸಿಟ್ಟು ಬಂತು. ಮನೆ ವೋಟಿನ ದೊಡ್ಡ ಸಮಸ್ಯೆ ಇದೇ ನೋಡಿ. ಬೂತಿನಲ್ಲಿ ಮರೆ ತಾನೇ ಇರ್ತದೆ, ಮನೆಯಲ್ಲಿ ಅದನ್ನು ನಾವು ಜಗಳ ಮಾಡಿ ಕಟ್ಟಬೇಕು.

ಆಯಿ ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದರು. ಕೈ ನಡುಗುತ್ತಿತ್ತು. ಗುರುತು ಎರಡು ಹೆಸರಿನ ನಡುವಿನ ಗೆರೆಯ ಮೇಲೆ ಬಿದ್ದರೆ ಮತ ಹಾಳಾಗುತ್ತದೆ ಅಂತ ಅಧಿಕಾರಿ ಮೊದಲೇ ಹೇಳಿದ್ದರಿಂದ ಹೆದರಿದ್ದರು. ಆಮೇಲೆ ಪೇಪರ್ ಮಡಚಿ ಒಳಗಿನ ಲಕೋಟೆಗೆ ಹಾಕಿದರು, ಅದನ್ನೂ ಘೋಷಣೆ ಪತ್ರವನ್ನೂ ಹೊರಗಿನ ಲಕೋಟೆಗೆ. ಅಂಟು ಒಣಗಿತ್ತು. ಸೊಸೆ ಅಡುಗೆಮನೆಯಿಂದ ಅನ್ನದ ಅಗುಳು ತಂದಳು, ಅಧಿಕಾರಿ ಬೇಡ ಅಂದು ಜೀಪಿನಿಂದ ಬೇರೆ ಗಮ್ ತರಿಸಿದರು. ಒಂದು ಮನೆಗೆ ಮುಕ್ಕಾಲು ಗಂಟೆ.

ಇನ್ನು ನನಗೆ ಇವತ್ತಿಗೂ ಚುಚ್ಚುವ ವಿಷಯಕ್ಕೆ ಬರ್ತೀನಿ. 12ಡಿ ಮಂಜೂರಾದರೆ ಪಟ್ಟಿಯಲ್ಲಿ ಹೆಸರಿನ ಮುಂದೆ 'ಪಿಬಿ', ಅಂದ್ರೆ ಪೋಸ್ಟಲ್ ಬ್ಯಾಲೆಟ್ ಅಂತ ಗುರುತು ಬೀಳುತ್ತದೆ. ಒಮ್ಮೆ ಪಿಬಿ ಆದರೆ ಬೂತಿನಲ್ಲಿ ವೋಟು ಹಾಕುವಂತಿಲ್ಲ. ತಂಡ ಬಂದಾಗ ಆ ವ್ಯಕ್ತಿ ಮನೆಯಲ್ಲಿ ಇರದಿದ್ದರೆ ಇನ್ನೊಮ್ಮೆ ಬರುತ್ತಾರೆ, ಆಗಲೂ ಸಿಗದಿದ್ದರೆ ಮುಗಿಯಿತು. ನಮ್ಮ ಭಾಗದಲ್ಲಿ ಕಾಲು ಸ್ವಾಧೀನ ಇಲ್ಲದ ಒಬ್ಬ ನೇಕಾರ ಇದ್ದ, ನಲವತ್ತರ ಹತ್ತಿರದವನು. ಅವನ 12ಡಿ ತುಂಬಿಸಿದ್ದು ನಾನೇ, ಅವನು ಅಷ್ಟೇನು ಉತ್ಸಾಹ ತೋರಿಸದಿದ್ದರೂ. ತಂಡ ಬರುವ ದಿನ ಅವನಿಗೆ ಜ್ವರ ಏರಿ ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಿದ್ದರು. ಎರಡನೇ ಸಲ ಹೋದಾಗಲೂ ಅಲ್ಲೇ ಇದ್ದ. ಮತದಾನದ ದಿನ, ಮೇ 10ರ ಮಧ್ಯಾಹ್ನ, ಅವನು ಆಟೊ ಮಾಡಿಕೊಂಡು ಸೀದಾ ಮತಗಟ್ಟೆಗೆ ಬಂದುಬಿಟ್ಟ. ಹಿಂದಿನ ದಿನ ಡಿಸ್ಚಾರ್ಜ್ ಆಗಿತ್ತು, ಕೈಯಲ್ಲಿ ಇನ್ನೂ ಸಲಾಯಿನ್ ಸೂಜಿಯ ಪಟ್ಟಿ. ಒಳಗೆ ಹೋದ, ಹೊರಗೆ ಬಂದ. ನಾನು ಗೇಟಿನ ಹತ್ತಿರ ಸ್ಲಿಪ್ ಕೊಡ್ತಾ ಕೂತಿದ್ದೆ.

"ಮನ್ಯಾಗೂ ಇಲ್ಲ, ಇಲ್ಲೂ ಇಲ್ಲ. ನಾ ಎಲ್ಲಿ ಹಾಕ್ಲಿ ಅಕ್ಕೋರ?"

ಅವನ ಬ್ಯಾಲೆಟ್ ಪೇಪರ್ ಅವನ ಕೈಗೆ ಕೊಟ್ಟೇ ಇರಲಿಲ್ಲ. ಅದು ತಂಡದ ಜೊತೆ ಖಾಲಿಯಾಗಿಯೇ ವಾಪಸ್ ಹೋಗಿತ್ತು. ಎರಡು ಸಲ ವೋಟು ಬೀಳುವ ಭಯವೇ ಇಲ್ಲ. ಆದರೂ ನಿಯಮ ನಿಯಮವೇ. ಪ್ರಿಸೈಡಿಂಗ್ ಆಫೀಸರನ್ನು ಬೈದು ಉಪಯೋಗವಿಲ್ಲ, ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮನೆ ವೋಟಿನ ಕಾನೂನಿನಲ್ಲಿ ಒಂದೇ ಒಂದು ಸಾಲು ಬದಲಾಯಿಸಲು ನನಗೆ ಬಿಟ್ಟರೆ ಇದನ್ನೇ ಬದಲಾಯಿಸುತ್ತೇನೆ: ಬ್ಯಾಲೆಟ್ ಕೈಗೆ ಕೊಡದೆ ವಾಪಸ್ ಬಂದಿದ್ದರೆ ಪಿಬಿ ಗುರುತು ತೆಗೆದು, ಬೂತಿಗೆ ಬಂದರೆ ಹಾಕಲು ಬಿಡಿ. ತಂಡದ ರಿಪೋರ್ಟು ಇರ್ತದೆ, ವಿಡಿಯೊ ಇರ್ತದೆ. ಆ ಪಟ್ಟಿಯನ್ನು ಹಿಂದಿನ ದಿನ ಮತಗಟ್ಟೆಗೆ ಕೊಟ್ಟರೆ ಸಾಕು.

ಎರಡನೆಯದು ಆ ಐದು ದಿನ. ಫಾರಂ 8ರಲ್ಲಿ ಅಂಗವಿಕಲರು ಅಂತ ಪಟ್ಟಿಯಲ್ಲಿ ಗುರುತು ಹಾಕಿಸುವ ವ್ಯವಸ್ಥೆ ವರ್ಷವಿಡೀ ಇದೆ. ಅದೇ ಫಾರಂನಲ್ಲಿ "ನನಗೆ ಮನೆ ವೋಟು ಬೇಕು" ಅಂತ ಒಂದು ಚೌಕ ಇಟ್ಟರೆ ಏನು ಕಷ್ಟ? ಸರ್ಟಿಫಿಕೇಟ್ ಒಮ್ಮೆ ನೋಡಿದ ಮೇಲೆ ಪ್ರತಿ ಚುನಾವಣೆಗೂ ಮತ್ತೆ ಝೆರಾಕ್ಸ್ ಯಾಕೆ? ಹಾಗಂತ ಎಲ್ಲರಿಗೂ ತಾನಾಗಿಯೇ ಪಿಬಿ ಹಾಕಿಬಿಡಬೇಡಿ, ರುಮಾಲಿನ ಅಜ್ಜ ಬೂತಿನಲ್ಲಿ ಗಲಾಟೆ ಮಾಡ್ತಾರೆ. ಕೇಳಿ ಹಾಕಬೇಕು, ಅಷ್ಟೇ.

ಚಲೋ ಆದದ್ದನ್ನೂ ಹೇಳಬೇಕಲ್ವಾ. 2021ರ ತಿದ್ದುಪಡಿಯಿಂದ ಹೊಸ ಮತದಾರರಿಗೆ ಹದಿನೆಂಟು ತುಂಬಿದ್ದನ್ನು ಲೆಕ್ಕ ಹಿಡಿಯಲು ವರ್ಷಕ್ಕೆ ನಾಲ್ಕು ತಾರೀಖು ಬಂದವು. ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಮೊದಲು ಜನವರಿ 1 ಒಂದೇ ಇತ್ತು. 2005ರ ಫೆಬ್ರವರಿಯಲ್ಲಿ ಹುಟ್ಟಿದ ನನ್ನ ಹಳೇ ವಿದ್ಯಾರ್ಥಿನಿ 2023ರ ಮೇ ತಿಂಗಳಲ್ಲೇ ವೋಟು ಹಾಕಿದಳು. ಹಳೇ ನಿಯಮ ಇದ್ದಿದ್ದರೆ ಮುಂದಿನ ಜನವರಿವರೆಗೆ ಹೆಸರೇ ಸೇರುತ್ತಿರಲಿಲ್ಲ. ಅದೇ ತಿದ್ದುಪಡಿಯಲ್ಲಿ ಸೇವಾ ಮತದಾರರ 'ಹೆಂಡತಿ' ಅನ್ನೋ ಪದ ತೆಗೆದು 'ಸಂಗಾತಿ' ಅಂತ ಮಾಡಿದರು. ಸೈನ್ಯದಲ್ಲಿರುವ ಹೆಣ್ಣುಮಗಳ ಗಂಡನಿಗೂ ಈಗ ಸೇವಾ ಮತದಾರನಾಗಿ ಹೆಸರು ಸೇರಿಸುವ ಸೌಲಭ್ಯ. ಸಣ್ಣ ಪದ, ಆದರೆ ನೋಡಿ.

ಇನ್ನೊಂದು ಹಳೇ ನಿಯಮ. ಕಣ್ಣು ಕಾಣದವರು ಜೊತೆಗೊಬ್ಬರನ್ನು ಕರೆದುಕೊಂಡು ಬರಬಹುದು, ಆದರೆ ಒಬ್ಬರು ಒಂದು ದಿನಕ್ಕೆ ಒಬ್ಬರಿಗಷ್ಟೇ ಜೊತೆಗಾರರಾಗಬಹುದು. ಏಜೆಂಟರು ಗುಂಪುಗುಂಪಾಗಿ ಹಾಕಿಸಬಾರದು ಅಂತ ಮಾಡಿದ್ದು, ಸರಿಯೇ. ನಮ್ಮಲ್ಲಿ ಗಂಡ ಹೆಂಡತಿ ಇಬ್ಬರೂ ಅಂಧರಿದ್ದರು, ಮಗಳೊಬ್ಬಳೇ. ಗಂಡ ಮಗಳ ಜೊತೆ ಹೋದರು. ಹೆಂಡತಿ ಪಕ್ಕದ ಮನೆಯವರನ್ನು ಕರೆಯಲು ಒಪ್ಪಲಿಲ್ಲ, "ನನಗ ಬ್ರೈಲ್ ಬರ್ತದ್ರಿ" ಅಂದರು. ಯಂತ್ರದ ಮೇಲೆ ಬ್ರೈಲ್ ಅಂಕಿ ಇರುತ್ತದೆ, ಅಭ್ಯರ್ಥಿಗಳ ಹೆಸರಿನ ಬ್ರೈಲ್ ಹಾಳೆಯನ್ನೂ ಮತಗಟ್ಟೆಗೆ ಕೊಟ್ಟಿರುತ್ತಾರೆ. ಆ ಹಾಳೆ ಚೀಲದಿಂದ ಹೊರಗೇ ಬಂದಿರಲಿಲ್ಲ! ಹುಡುಕಿ ತೆಗೆದು ಕೊಟ್ಟ ಮೇಲೆ ಆಕೆ ಬೆರಳು ಆಡಿಸಿ ಓದಿಕೊಂಡು, ಒಳಗೆ ಹೋಗಿ ಒಬ್ಬರೇ ಒತ್ತಿ ಬಂದರು. ಗಂಡನಿಗಿಂತ ಬೇಗ.

ಈ ಯಾವುದೂ ತಲುಪದವರು ಅಂದ್ರೆ ದುಡಿಯಲು ಹೋದವರು. ಗದಗ, ಹಾವೇರಿ ಕಡೆಯಿಂದ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಹೋದವರ ಹೆಸರು ಇಲ್ಲಿ, ಅವರು ಅಲ್ಲಿ. ಮತದಾನದ ದಿನ ಸಂಬಳ ಸಮೇತ ರಜೆ ಕೊಡಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 135ಬಿ ಕಲಂ ಹೇಳುತ್ತದೆ. ಕೊಡದ ಮಾಲೀಕರಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ ಐನೂರು ರೂಪಾಯಿ. ಗೋವಾದಿಂದ ಬಂದು ಹೋಗಲು ಒಬ್ಬನ ಬಸ್ ಚಾರ್ಜೂ ಅದಕ್ಕಿಂತ ಜಾಸ್ತಿ. ಒಂದೇ ಯಂತ್ರದಲ್ಲಿ 72 ಕ್ಷೇತ್ರಗಳ ವೋಟು ಹಾಕಿಸುವ ರಿಮೋಟ್ ಯಂತ್ರದ (ಇದ್ದ ಊರಿನಿಂದಲೇ ತಮ್ಮೂರಿನ ವೋಟು ಹಾಕುವಂಥದ್ದು) ಪ್ರಸ್ತಾಪವನ್ನು 2023ರ ಜನವರಿಯಲ್ಲಿ ಚುನಾವಣಾ ಆಯೋಗ ಪಕ್ಷಗಳ ಮುಂದೆ ಇಟ್ಟಿತ್ತು, ಬಹಳಷ್ಟು ವಿರೋಧ ಪಕ್ಷಗಳು ಒಪ್ಪಲಿಲ್ಲ, ಅಲ್ಲಿಗೇ ನಿಂತಿತು.

ಆಯಿ 2024ರ ಮೇ 7ರಂದು ಬೂತಿಗೇ ಬಂದರು. ಮಗ ಮತ್ತು ಸೊಸೆ ಆಟೊದಿಂದ ಇಳಿಸಿ ವೀಲ್‌ಚೇರ್‌ನಲ್ಲಿ ಕೂರಿಸಿದರು. ರ‍್ಯಾಂಪ್ ಇತ್ತು, ಆದರೆ ಕಡಿದಾಗಿತ್ತು, ಇಬ್ಬರು ಹುಡುಗರು ಹಿಂದಿನಿಂದ ನೂಕಬೇಕಾಯಿತು. ಹೊರಗೆ ಬಂದು ಶಾಯಿ ಹಚ್ಚಿದ ಬೆರಳು ನನ್ನ ಮುಂದೆ ಹಿಡಿದು, "ಮುಂದಿನ ಸಲ ನನಗ ಎಷ್ಟ ಆಗಿರ್ತಾವು ಲೆಕ್ಕ ಹಾಕ್ರಿ" ಅಂದರು.

ನಾನು ರಿಟೈರ್ ಆದ ಮೇಲೆ ನಮ್ಮ ಭಾಗಕ್ಕೆ ಒಬ್ಬ ಅಂಗನವಾಡಿ ಕಾರ್ಯಕರ್ತೆ ಬಿಎಲ್‌ಒ ಆಗಿ ಬಂದಿದ್ದಾಳೆ. ನೋಟ್‌ಬುಕ್ ಅವಳಿಗೆ ಕೊಟ್ಟಿದ್ದೇನೆ. ಆಯಿಯ ಹೆಸರಿನ ಮುಂದೆ ಪೆನ್ಸಿಲ್‌ನಲ್ಲಿ ಬರೆದಿದ್ದೇನೆ: 2028ಕ್ಕೆ 86, 12ಡಿ ಮೊದಲೇ ಒಯ್ಯುವುದು. ಪೆನ್ನಿನಲ್ಲಿ ಯಾಕೆ ಬರೆದಿಲ್ಲ ಅಂದ್ರೆ, ಅಷ್ಟರಲ್ಲಿ ಎಂಬತ್ತೈದನ್ನು ಮತ್ತೆ ಎಷ್ಟು ಮಾಡಿರ್ತಾರೋ ಯಾರಿಗೆ ಗೊತ್ತು.