ಮಲ್ಪುವೆ: ಮಾಡುವವರು ಯಾರು?

ಮಂಜೇಶ್ವರದ ಹತ್ತಿರದ ನಮ್ಮೂರಲ್ಲಿ ನೆರೆಮನೆಯ ಅಜ್ಜಿ ಹೇಳುವ ತುಳು ಕಥೆಗಳನ್ನು ಕನ್ನಡ ಅಕ್ಷರದಲ್ಲಿ ಬರೆದಿಡುತ್ತಿದ್ದೇನೆ. ಹಗಲು ಮೊಬೈಲಿನಲ್ಲಿ ರೆಕಾರ್ಡ್ ಮಾಡುವುದು, ರಾತ್ರಿ ನೋಟುಬುಕ್ಕಿಗೆ ಇಳಿಸುವುದು.

ಮೊದಲ ಪುಸ್ತಕ ತುಂಬಿದ ಮೇಲೆ ಓದಲು ಕೂತರೆ ‘ಮಲ್ಪುವೆ’ ಎಂಬಲ್ಲಿ ತಡೆದು ನಿಂತೆ. ಮಾಡುತ್ತೇನೆ ಎಂದೋ, ಮಾಡುತ್ತಾನೆ ಎಂದೋ? ‘ಯಾನ್’ (ನಾನು), ‘ಆಯೆ’ (ಅವನು) ಎಂದು ಅಜ್ಜಿ ಬಿಡಿಸಿ ಹೇಳಿರಲಿಲ್ಲ. ಪದದ ಕೊನೆಯ ಸ್ವರವೇ ಅದನ್ನು ಹೇಳುತ್ತದಲ್ಲ! ಆ ಸ್ವರವನ್ನೇ ನಾನು ಬರವಣಿಗೆಯಲ್ಲಿ ಕಳೆದಿದ್ದೆ.

ಮಾರನೆಯ ದಿನ ಹೋಗಿ, “ಅಜ್ಜಿ, ಎರಡನ್ನೂ ಬೇರೆ ಬೇರೆ ಹೇಳಿ” ಎಂದು ಅವರ ಬಾಯಿಯನ್ನೇ ನೋಡುತ್ತ ಕೂತೆ. ‘ಆಯೆ ಮಲ್ಪುವೆ’ ಎಂಬಲ್ಲಿ ಕೊನೆಗೆ ಬಂದದ್ದು ನಮ್ಮ ಕನ್ನಡದ ಎ. ‘ಯಾನ್ ಮಲ್ಪುವೆ’ ಎನ್ನುವಾಗ ದವಡೆ ಕೆಳಗಿಳಿದು ಬಾಯಿ ಅಗಲವಾಯಿತು. ‘ಬ್ಯಾಂಕ್’ ಎನ್ನುವಾಗಿನ ಸ್ವರಕ್ಕೆ ಹತ್ತಿರ, ಆದರೆ ಗಿಡ್ಡ. ‘ಮಲ್ಪುವ್ಯಾ’ ಎಂದು ಬರೆದು ನೋಡಿದೆ. ಮನೆಯವರು ಅದನ್ನು ಎಳೆದು ಓದಿದರು, ಅಜ್ಜಿಯ ಮಾತೇ ಅಲ್ಲ ಅನ್ನಿಸಿತು.

ಎಸ್. ಯು. ಪಣಿಯಾಡಿಯವರು 1932ರ ತಮ್ಮ ತುಳು ವ್ಯಾಕರಣದಲ್ಲಿ ಈ ಸ್ವರಕ್ಕೆಂದೇ ಎರಡು ತಲೆಕಟ್ಟು ಬಳಸಿದ್ದಾರೆ. ಕೈಬರಹಕ್ಕೆ ಅದನ್ನೇ ಹಿಡಿದೆ. ಮೊಬೈಲಿನಲ್ಲಿ ಆ ಗುರುತು ಮೂಡಿಸಲು ಬಾರದ್ದರಿಂದ ಪದದ ಪಕ್ಕ ಒಂದು ನಕ್ಷತ್ರ ಹಾಕುತ್ತೇನೆ. ಅಂದವಿಲ್ಲ, ಆದರೆ ಅರ್ಥ ಕೆಡುವುದಿಲ್ಲ.

ಇಲ್ಲಿ ಉಲಿ ಇದೆ, ಅಕ್ಷರವಿಲ್ಲ. ಹಳೆಯ ೞ ಇದಕ್ಕೆ ಉಲ್ಟಾ, ಅಕ್ಷರವಿದೆ, ಕನ್ನಡದ ಮಾತಿನಲ್ಲಿ ಉಲಿ ಇಲ್ಲ. ಹಳಗನ್ನಡದ ಮೞೆ, ಕೋೞಿ, ಬಾೞೆಗಳು ಮಳೆ, ಕೋಳಿ, ಬಾಳೆಗಳಾದವು, ಕೞ್ತೆ ಕತ್ತೆಯಾಯಿತು. ಕನ್ನಡದ ನಾಲಗೆ ಬಿಟ್ಟ ಆ ಉಲಿ ನನಗೆ ರೇಡಿಯೋದ ಮಲಯಾಳ ವಾರ್ತೆಯಲ್ಲಿ ದಿನಾ ಕೇಳುತ್ತದೆ. ಅಲ್ಲೂ ಅದು ಎಲ್ಲರ ಬಾಯಲ್ಲಿ ಉಳಿದಿಲ್ಲ, ಕೋೞಿಗೆ ‘ಕೋಯಿ’ ಎನ್ನುವವರಿದ್ದಾರೆ. ಇಂಗ್ಲಿಷ್ ಬೋರ್ಡಿನ zh ನೋಡಿ ಕೇರಳದ ಆ ಊರನ್ನು ‘ಆಲಪ್ಪುಝ’ ಎಂದು ಬರೆಯುವುದನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಝ ಆ ಉಲಿಯ ಹತ್ತಿರಕ್ಕೂ ಬಾರದು. ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನ ಕಾಲದ ೞ ನಮ್ಮ ಕೈಯಲ್ಲೇ ಇದೆ, ಯೂನಿಕೋಡಿನಲ್ಲೂ ಇದೆ. ಹಾಗಾಗಿ ನಾನು ‘ಆಲಪ್ಪುೞ’ ಎಂದೇ ಬರೆಯುತ್ತೇನೆ.

ಈಗ ಮೊದಲ ಪುಸ್ತಕದ ಒಂದೊಂದು ಎ-ಯನ್ನೂ ರೆಕಾರ್ಡಿಂಗ್ ಕೇಳಿ ತಿದ್ದುತ್ತಿದ್ದೇನೆ. ಎರಡು ಕಥೆಗಳ ರೆಕಾರ್ಡಿಂಗ್ ಅಳಿಸಿಹೋಗಿದೆ. ಅವನ್ನು ಅಜ್ಜಿಯಿಂದ ಮತ್ತೊಮ್ಮೆ ಹೇಳಿಸಬೇಕು.